ಮರಿಗೆ ಕಟ್ಟಿದ ದಬ್ಬೆ

ಡಾಕ್ಟರು ಸಾವಕ್ಕನ ಹಿಮ್ಮಡಿ ಹಿಡಿದು ಮೆಲ್ಲಗೆ ಒತ್ತಿದರು. ಮೊಣಕಾಲು ತುಸು ಬಗ್ಗಿ ಅಲ್ಲಿಗೇ ನಿಂತಿತು. ಇನ್ನೊಮ್ಮೆ ಒತ್ತಿದಾಗ ಅವಳು ಮಂಚದ ಅಂಚು ಹಿಡಿದು ಚೀರಿದಳು.

"ದಿನಾ ಬಗ್ಗಿಸೀರೇನ?"

ಸಾವಕ್ಕ ಗಂಡನ ಕಡೆ ನೋಡಿದಳು. ಮಲಕಾರಿ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದ.

ಟಗರು ಹಾಯ್ದ ಪೆಟ್ಟಿಗೆ ಅವಳ ಮೊಣಕಾಲಿನೊಳಗಿನ ಲಿಗಮೆಂಟು ಎಲುಬಿನ ಚೂರಿನ ಸಮೇತ ಕಿತ್ತುಬಂದಿತ್ತು. ಮಿರಜದ ಈ ಡಾಕ್ಟರು ಕಾಲು ಸೀಳದೆ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಆ ಚೂರನ್ನು ದಾರದಿಂದ ಅದರ ಜಾಗಕ್ಕೇ ಬಿಗಿದಿದ್ದರು. ತಮ್ಮೂರು ಐಗಳಿಗೆ ಮರಳಿದಾಗ ನಾದಿನಿ ಉಜ್ವಲಾ ಗಾಯ ನೋಡಿ ನಕ್ಕಿದ್ದಳು. "ಇಷ್ಟನ? ಜಾಲಿ ಮುಳ್ಳ ಚುಚ್ಚಿದ್ರೂ ಇದಕ್ಕಿಂತ ದೊಡ್ಡದ ಆಕ್ಕೈತಿ, ವೈನಿ. ಎದ್ದ ಹಾಲ ಹಿಂಡು."

ಮಲಕಾರಿ ನಕ್ಕಿರಲಿಲ್ಲ. ಆಸ್ಪತ್ರೆಯ ಪಟ್ಟಿ ಸಡಿಲಿಸಿ ಕಾಲು ಬಗ್ಗಿಸುವ ದಿನ ಬಂದಾಗ ಹೆಂಡತಿ ಅತ್ತದ್ದನ್ನು ಅವನಿಗೆ ತಡೆಯಲಾಗಲಿಲ್ಲ. ಅದೇ ವಾರ ಕಾಲು ಮುರಿದ ಕುರಿಮರಿಗೆ ಕಟ್ಟಲು ಬಿದಿರ ದಬ್ಬೆ ಸೀಳಿದ್ದ. ಇನ್ನೂ ಉದ್ದನೆಯವನ್ನು ಸೀಳಿ, ಚುಚ್ಚದಂತೆ ಅಂಚು ಹೆರೆದು, ಕಂಬಳಿ ಪಟ್ಟಿ ಸುತ್ತಿ ಅವಳ ಕಾಲನ್ನೂ ನೆಟ್ಟಗೆ ಬಿಗಿದ.

"ಡಾಕ್ಟರ ಬಗ್ಗಸ ಅಂದಾರ್ರಿ."

"ಹಸಿ ಎಲುಬ ಅಲಗ್ಯಾಡಿಸಿದ್ರ ಕೂಡತೈತೇನ? ನಾ ಕಟ್ಟಿದ್ದ ಒಂದ ಕುರಿಯಾದ್ರೂ ಕುಂಟೈತೇನ? ಸುಮ್ನ ಮಲಗ."

ನೋವು ನಿಂತಿತ್ತು. ಅವಳೂ ಮತ್ತೆ ಮಿರಜಕ್ಕೆ ಹೊರಡುವ ದಿನದವರೆಗೆ ಸುಮ್ಮನೆ ಮಲಗಿದ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಎಲುಬ ಛಲೋ ಕೂಡೈತಿ. ಕೀಲ ಬಿಗದೈತಿ. ಒಂದ ತಿಂಗಳದಾಗ ಸಡಲ ಆಗ್ಲಿಲ್ಲಂದ್ರ ಮತ್ತ ಆಪರೇಶನ್. ಆಮ್ಯಾಲೂ ಕುಕ್ಕರಗಾಲಲೆ ಕೂಡ್ತೀರಂತ ನಾ ಹೇಳಾಂಗಿಲ್ಲ."

ಊರಿಗೆ ಮರಳುವ ಬಸ್ಸು ಕಾಗವಾಡ ದಾಟಿತ್ತು. ದಾರಿಗಡ್ಡ ಚಾಚಿದ ಸಾವಕ್ಕನ ಕಾಲನ್ನು ಎಡವಿದ ಕಂಡಕ್ಟರ, "ಅಕ್ಕಾರ, ಕಾಲ ಒಳಗ ತಗೋರಿ" ಎಂದ.

"ಬಗ್ಗೂದಿಲ್ಲೋ ತಮ್ಮಾ. ಯಾಕಂತ ಇವ್ರನ್ನ ಕೇಳ. ದೊಡ್ಡ ಡಾಕ್ಟರ ಇವ್ರು."

ಮಲಕಾರಿ ಕಿಟಕಿಯಾಚೆ ಕಬ್ಬು ನೋಡಿದ.

ಸಂಜೆ ಹಟ್ಟಿಯಲ್ಲಿ ಕರಿ ಆಡು ಕೆಚ್ಚಲು ತುಂಬಿ ಒದರುತ್ತಿತ್ತು. ಮೊದಲಾದರೆ ಸಾವಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಹಿಂಗಾಲನ್ನು ಮೊಣಕಾಲ ಸಂದಿಗೆ ಸಿಕ್ಕಿಸಿಕೊಂಡು ಹಿಂಡುತ್ತಿದ್ದಳು. ಈಗ ಬಕೆಟ್ಟು ಬೋರಲು ಹಾಕಿ ಕೂತಳು. ಆಡು ಕಾಲು ಝಾಡಿಸಿತು. ಚರಿಗೆ ಉರುಳಿ ಹಿಂಡಿದಷ್ಟೂ ಹಾಲು ಮಣ್ಣಿಗೆ ಹೋಯಿತು.

"ಹಾಳಾಗ ಹೋಗ!" ಎಂದು ಚರಿಗೆಯನ್ನು ಗೋಡೆಗೆ ಎಸೆದಳು.

ಮಲಕಾರಿ ಬಂದು ಎದುರಿಗೆ ಕೂತ. ಅವಳ ಹಿಮ್ಮಡಿ ಹಿಡಿದ. ಕೈ ಮುಂದೆ ಹೋಗಲಿಲ್ಲ.

"ಒತ್ರಿ."

"ನೋಯತೈತಿ."

"ನೋಯೂದು ನನ್ನ ಕಾಲ. ನೀವ್ಯಾಕ ಕಣ್ಣಾಗ ನೀರ ತರತೀರಿ? ಒತ್ರಿ ಅಂದ್ರ."

ಅವನು ಒತ್ತಿದ. ಅವಳು ಆಡಿನ ಕೊರಳ ಹಗ್ಗ ಹಿಡಿದು ಹಲ್ಲು ಕಚ್ಚಿದಳು. ದಬ್ಬೆ ಬಿಚ್ಚಿಸಿಕೊಂಡಿದ್ದ ಕುರಿಮರಿ ಇಬ್ಬರ ನಡುವೆ ನುಗ್ಗಿ, ಚೆಲ್ಲಿದ ಹಾಲನ್ನು ಮೂಸಿ, ಅವಳ ಚಾಚಿದ ಕಾಲನ್ನು ಚಂಗನೆ ಜಿಗಿದು ದಾಟಿ ಹೋಯಿತು.