ಸುದೀಪನಿಗಿಲ್ಲದ ಕಿಣ್ವ

ಸುದೀಪನ ಮೈಯಲ್ಲಿ ಇಲ್ಲದ ಕಿಣ್ವ ಯಾವುದೆಂದು ಡಾಕ್ಟರು ಹೇಳಿದಾಗ ಯೋಗಿತಾ ಅದರ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ೧೯೯೮ರ ಮಾತು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅವಳು ದಿನವೂ ತಯಾರಿಸುತ್ತಿದ್ದದ್ದು ಅದನ್ನೇ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವುಗಳಿಂದ ಕಿಣ್ವ ಮಾಡಿಸಿ, ಸೋಸಿ, ಸಣ್ಣ ಸೀಸೆಗಳಲ್ಲಿಡುವುದು ಅವಳ ಕೆಲಸ. ಮಲೇರಿಯಾ ಕ್ರಿಮಿಯಲ್ಲೂ ಅಂಥದ್ದೇ ಒಂದು ಕಿಣ್ವವಿದೆ. ಮನುಷ್ಯರದನ್ನು ಮುಟ್ಟದೆ ಕ್ರಿಮಿಯದನ್ನಷ್ಟೇ ಕೆಡಿಸುವ ಔಷಧ ಹುಡುಕಲು ಎರಡನ್ನೂ ಹೋಲಿಸಿ ನೋಡುತ್ತಿದ್ದರು.

ಅವಳ ಅಕ್ಕ ವನಜಾಕ್ಷಿಯ ಮಗ ಸುದೀಪನಿಗೆ ನಾಲ್ಕು ವರ್ಷ. ಕೂರಲಾರ, ನಿಲ್ಲಲಾರ. ಹಲ್ಲು ಬಂದಮೇಲೆ ತನ್ನ ತುಟಿ, ಬೆರಳುಗಳನ್ನು ತಾನೇ ಕಚ್ಚಿ ಹರಿದುಕೊಳ್ಳುತ್ತಿದ್ದ. ನೋವಿಗೆ ಕಿರುಚುತ್ತಲೇ ಕಚ್ಚುತ್ತಿದ್ದ. "ಕಟ್ಟಮ್ಮ, ಕೈ ಕಟ್ಟು" ಎಂದು ಅವನೇ ತೊದಲುತ್ತ ಬೇಡುತ್ತಿದ್ದ. ಕಟ್ಟಿದರೆ ನಗುತ್ತಿದ್ದ.

ಆಸ್ಪತ್ರೆಯ ಹೊರಗೆ ಭಾವ ದಯಾನಂದ ಕೇಳಿದ: "ಡಾಕ್ಟ್ರು ಇಂಗ್ಲೀಷಲ್ಲಿ ಏನೋ ಅಂದ್ರಲ್ಲ. ಇದು ಎಲ್ಲಿಂದ ಬಂತಂತೆ?"

"ತಾಯಿ ಕಡೆಯಿಂದ ಬರುತ್ತೆ ಭಾವ. ಹುಟ್ಟೋ ಗಂಡುಮಕ್ಕಳಿಗೆ ಬರಬೌದು. ಅಕ್ಕಂದೇನೂ ತಪ್ಪಿಲ್ಲ."

ಕೊನೆಯ ಮಾತನ್ನು ದಯಾನಂದ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ತಿಂಗಳು ವನಜಾಕ್ಷಿ ಹೊನ್ನವಳ್ಳಿಯ ಗಂಡನ ಮನೆ ಬಿಟ್ಟು, ಮಗನನ್ನೆತ್ತಿಕೊಂಡು ಬಿಳಿಗೆರೆಯ ತವರಿಗೆ ಬಂದಳು. "ನಿಮ್ಮನೆ ರಕ್ತಾನೇ ಸರಿಯಿಲ್ಲ ಕಣೇ, ನಿನ್ ತಂಗೀನೇ ಹೇಳವ್ಳೆ" ಎಂದು ಅತ್ತೆ ಚೌಡಮ್ಮ ಬೀದಿಗೆಲ್ಲ ಕೇಳುವಂತೆ ಅಂದಿದ್ದಳು.

ಸುದ್ದಿ ತಿಳಿದು ಯೋಗಿತಾ ಊರಿಗೆ ಓಡಿಬಂದಳು. ವನಜಾಕ್ಷಿ ಕೊಟ್ಟಿಗೆಯಲ್ಲಿ ಕೂತು ಕೊಬ್ಬರಿ ಚಿಪ್ಪು ಒಡೆಯುತ್ತಿದ್ದಳು. ಪಕ್ಕದ ಕುರ್ಚಿಗೆ ಒರಗಿಸಿ ಬಿಗಿದಿದ್ದ ಸುದೀಪ, ಎರಡೂ ಕೈಗೆ ಹಳೇ ಸೀರೆಯ ಕಟ್ಟು.

"ಅಲ್ಲಿ ನೀನೇ ಮಾಡ್ತೀಯಲ್ಲ, ಆ ಸೀಸೆ ತಂದ್ಯಾ?"

"ಅಕ್ಕ, ಅದು ಔಷಧಿ ಅಲ್ಲ. ರಕ್ತಕ್ಕೆ ಕೊಟ್ರೂ ಮೆದುಳಿನೊಳಕ್ಕೆ ಹೋಗಲ್ಲ. ಮೈಗೆ ಒಗ್ಗದೆ ಜೀವಕ್ಕೇ ಕುತ್ತಾಗಬೌದು."

"ಇದ್ನಾ ನೀನು ಜೀವ ಅನ್ನೋದು?" ವನಜಾಕ್ಷಿ ಮಗನ ಹರಿದ ತುಟಿ ತೋರಿಸಿದಳು. "ಒಂದ್ ತೊಟ್ಟು ಕೊಡಕ್ಕೆ ನಿಂಗೆ ನೂರೆಂಟು ಅಡ್ಡಿ. ನಿಮ್ ಭಾವನ ಮುಂದೆ ಬಾಯಿ ಬುಡಕ್ಕೆ ಒಂದೂ ಅಡ್ಡ ಬರ್ಲಿಲ್ಲ."

"ಕೇಳಿದ್ರು, ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?"

"ಹೂಂ ಕಣೇ. ಹೇಳ್ಬೇಕಿತ್ತು."

ಯೋಗಿತಾ ತಂದಿದ್ದ ಮಾತ್ರೆಗಳು ಮೂತ್ರಪಿಂಡದಲ್ಲಿ ಕಲ್ಲು ಕಟ್ಟದಂತೆ ತಡೆಯುವಂಥವು. ಕಚ್ಚುವುದನ್ನು ನಿಲ್ಲಿಸುವ ಮಾತ್ರೆ ಎಲ್ಲೂ ಇರಲಿಲ್ಲ. ತಿಪಟೂರಿನಲ್ಲಿ ಹುಡುಗನ ಹಲ್ಲುಗಳನ್ನು ಕೀಳಿಸಿದರು. ಆಮೇಲೆ ಅವನು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಲು ಕಲಿತ. ಎರಡು ಮಳೆಗಾಲ ಕಳೆದ ಮೇಲೆ ನ್ಯುಮೋನಿಯಾ ಬಂದು ತೀರಿಕೊಂಡ.

ಮಣ್ಣಿಗೆ ದಯಾನಂದನೂ ಬಂದಿದ್ದ. ಅಷ್ಟರಲ್ಲಿ ಅವನು ಮಾಯಸಂದ್ರದ ಕಡೆಯ ಹೆಣ್ಣನ್ನು ತಂದುಕೊಂಡಿದ್ದ. ಎಲ್ಲ ಮುಗಿದ ಮೇಲೆ ಜಗುಲಿಯಲ್ಲಿ ಯೋಗಿತಾಳ ಪಕ್ಕ ಕೂತು, ನಿಜವಾದ ಕೃತಜ್ಞತೆಯಿಂದಲೇ ಹೇಳಿದ: "ಅವತ್ತು ನೀನು ಮುಚ್ಚಿಡದೆ ಹೇಳಿದ್ದು ಪುಣ್ಯ ಕಣಮ್ಮ. ಈಗ ಗಂಡು ಕೂಸು ಆಗೈತೆ. ಗುಂಡುಕಲ್ಲಂಗವ್ನೆ."

ಬಾಗಿಲಲ್ಲಿ ವನಜಾಕ್ಷಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದಯಾನಂದನ ಮುಂದೆ ಒಂದು ಚೊಂಬು ನೀರಿಟ್ಟು, ತಂಗಿಯ ಮುಖ ನೋಡದೆ ಒಳಗೆ ಹೋದಳು.