ಒಂದೇ ಸಲ ತಿದ್ದಿದ ಪೇಪರುಗಳು

೧೯೮೩ರ ಅರ್ಧವಾರ್ಷಿಕ ಪರೀಕ್ಷೆ ಮುಗಿದು ಮೂರು ವಾರವಾದರೂ ಒಂಬತ್ತನೆಯ ಇಯತ್ತೆಯ ಗಣಿತದ ಪೇಪರುಗಳು ಕುಮುದಿನಿಯ ಮನೆಯಲ್ಲೇ ಇದ್ದವು. ಬಾಗಲಕೋಟೆಯ ಕನ್ಯಾಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದ ಅವಳು ಒಂದೊಂದು ಪೇಪರನ್ನೂ ಐದೈದು ಸಲ ತಿದ್ದುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಕೊನೆಗೆ ತಾಯಿ ತುಳಸೀಬಾಯಿ ಅವಳನ್ನು ಅದೇ ಊರಿನ ವಿದ್ಯಾಗಿರಿಯ ದವಾಖಾನೆಗೆ ಕರೆದೊಯ್ದಳು. ಅಲ್ಲಿಗೆ ಪ್ರತಿ ಶನಿವಾರ ಧಾರವಾಡದಿಂದ ಮನೋವೈದ್ಯ ಪಂಢರೀನಾಥ ಬರುತ್ತಿದ್ದರು.

ಗುಳಿಗೆ ಬರೆದುಕೊಟ್ಟಾರು ಎಂದು ಕುಮುದಿನಿ ಅಂದುಕೊಂಡಿದ್ದಳು. ಅವರು ಕೇಳಿದ್ದೇ ಬೇರೆ.

“ಒಂದು ತಪ್ಪು ಉಳೀತು ಅಂತ ತಿಳೀರಿ. ಏನಾಗ್ತದ?”

“ಹುಡುಗೀರು ನಗ್ತಾರ್ರಿ. ಕಲಿಸ್ಲಿಕ್ಕೆ ನಾ ಲಾಯಕ್ಕಿಲ್ಲ ಅಂತ ಎಲ್ಲಾರಿಗೂ ಗೊತ್ತಾಗ್ತದ.”

“ನಿಮ್ಮ ಸಾಲ್ಯಾಗ ಬ್ಯಾರೆ ಯಾರೂ ತಪ್ಪು ಮಾಡಿಲ್ಲೇನು?”

ಭೂಗೋಳ ಕಲಿಸುವ ಸಾವಂತ್ರವ್ವ ಹೋದ ವರ್ಷ ಇಡೀ ಒಂದು ಪುಟ ತಿದ್ದುವುದನ್ನೇ ಮರೆತಿದ್ದರು. ಕುಮುದಿನಿ ಅದನ್ನು ಹೇಳಿದಳು.

“ಹಂಗಾರ ಅವರೂ ಲಾಯಕ್ಕಿಲ್ಲ?”

“ಛೆ! ಭಾಳ ಛಲೋ ಕಲಿಸ್ತಾರ್ರಿ.”

“ಅವರಿಗೊಂದು ಕಾಯ್ದೆ, ನಿಮಗೊಂದು ಯಾಕ?”

ಕುಮುದಿನಿಯ ಮನೆಯಲ್ಲಿ ಇನ್ನೂ ನಲವತ್ತು ಪೇಪರು ಮುಟ್ಟದೆ ಉಳಿದಿದ್ದವು. ಅವನ್ನು ಒಂದೇ ಸಲ ತಿದ್ದಿದರೆ ಎಷ್ಟು ತಪ್ಪು ಉಳಿದಾವು ಎಂದು ವೈದ್ಯರು ಅವಳಿಂದಲೇ ಒಂದು ಚೀಟಿಯಲ್ಲಿ ಬರೆಸಿದರು. ‘ಇಪ್ಪತ್ತು’ ಎಂದು ಬರೆದಳು.

“ತಿದ್ದಿ ಹಂಚಿ ನೋಡ್ರಿ. ನನ್ನ ಮಾತು ನಂಬೂದು ಬ್ಯಾಡ. ಏನಾತು ಅನ್ನೂದನ್ನ ಬರ್ಕೊಂಡು ಬರ್ರಿ.”

ಭಾನುವಾರ ಮಧ್ಯಾಹ್ನ ತಿದ್ದಲು ಕುಳಿತಳು. ಮುಗಿದ ಪೇಪರಿನತ್ತ ಮತ್ತೆ ಕೈ ಹೋದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಿ ಬಂದಳು.

ಸೋಮವಾರ ಪೇಪರು ಹಂಚಿ ಮುಗಿಯುತ್ತಲೇ ಮಾದೇವಿ ಎಂಬ ಹುಡುಗಿ ಎದ್ದು ನಿಂತಳು.

“ಅಕ್ಕೋರ, ನನಗ ಎರಡು ಮಾರ್ಕ್ಸ್ ಜಾಸ್ತಿ ಬಿದ್ದಾವ್ರಿ.”

ಕುಮುದಿನಿಯ ಕಿವಿ ಬಿಸಿಯಾದವು. ಪೇಪರು ಇಸಿದುಕೊಂಡು ನೋಡಿದಳು, ನಿಜವಾಗಿತ್ತು. “ತಪ್ಪು ನಂದಽ. ಹೇಳಿದ್ದು ಛಲೋ ಆತು,” ಎಂದು ತಿದ್ದಿದಳು. ಹಿಂದೆಯೇ ಅಲೀಮಾ ಬಂದಳು, ಅವಳಿಗೆ ಒಂದು ಅಂಕ ಕಡಿಮೆಯಾಗಿತ್ತು. ಮತ್ತೆ ಯಾರೂ ಬರಲಿಲ್ಲ. ಯಾರೂ ನಗಲೂ ಇಲ್ಲ. ಹುಡುಗಿಯರೆಲ್ಲ ಒಬ್ಬರ ಅಂಕ ಇನ್ನೊಬ್ಬರು ನೋಡುವುದರಲ್ಲೇ ಮುಳುಗಿದ್ದರು.

ಶನಿವಾರ ಅವಳು ಚೀಟಿ ಮುಂದಿಟ್ಟಳು. “ಎರಡು ತಪ್ಪು ಸಿಕ್ವುರಿ. ಆದ್ರ ಅಂಜಿಕಿ ಇನ್ನೂ ಹೋಗಿಲ್ಲ.”

“ಒಂದ ವಾರದಾಗ ಹ್ಯಾಂಗ ಹೋಗ್ತದರಿ?” ಎಂದು ವೈದ್ಯರು ನಕ್ಕರು.

ಕುಮುದಿನಿ ಇನ್ನೂ ಎಂಟು ಶನಿವಾರ ಹೋದಳು. ವಾರ್ಷಿಕ ಪರೀಕ್ಷೆಯ ಪೇಪರುಗಳನ್ನು ಐದೇ ದಿನದಲ್ಲಿ ಶಾಲೆಗೆ ಒಪ್ಪಿಸಿದಳು. ಒಂದೊಂದನ್ನೂ ಎರಡು ಸಲ ನೋಡಿದ್ದಳು. ಒಂದೇ ಸಲಕ್ಕೆ ಕೆಳಗಿಡುವ ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ.