ಮಡಿಕೆಗೊಂದು ಅಲ್ಪವಿರಾಮ

ಆಸ್ಪತ್ರೆಯ ಲಾಂಡ್ರಿಗೆ ಹೊಸ ಯಂತ್ರ ಬರುವುದು ಖಚಿತವಾಗಿತ್ತು. ಬೆಡ್‌ಶೀಟನ್ನು ಅದೇ ಇಸ್ತ್ರಿ ಮಾಡುತ್ತದೆ, ಅದೇ ಮಡಿಸುತ್ತದೆ. ಮಡಿಸುವ ಮೇಜಿನ ಹೆಂಗಸರಲ್ಲಿ ಒಬ್ಬಳನ್ನು ಮಾತ್ರ ಉಳಿಸಿಕೊಂಡು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಕೊಡುವುದಾಗಿ ಮ್ಯಾನೇಜರ್ ತಿಳಿಸಿದ್ದರು. ಅದಕ್ಕೆ ಇಂಗ್ಲಿಷ್ ಪರೀಕ್ಷೆ: ವ್ಯಾಕರಣ, ವಿರಾಮಚಿಹ್ನೆ, ಒಂದು ಚಿಕ್ಕ ಪತ್ರ.

ಆ ಮೇಜಿನಲ್ಲಿ ಒಂದೇ ಮನೆಯ ಓರಗಿತ್ತಿಯರಿಬ್ಬರಿದ್ದರು. ದೊಡ್ಡವಳು ಮದುವೆಗೆ ಮುಂಚೆ ಮಕ್ಕಳಿಗೆ ಇಂಗ್ಲಿಷ್ ಮನೆಪಾಠ ಹೇಳಿದವಳು. ಚಿಕ್ಕವಳಿಗೆ ಅಕ್ಷರ ಗೊತ್ತಿತ್ತು, ವಾಕ್ಯ ಕೂಡುತ್ತಿರಲಿಲ್ಲ. ಅರ್ಜಿ ಹಾಕಿದ್ದು ಚಿಕ್ಕವಳು. ಇಬ್ಬರೂ ಹಾಕಿದರೆ ಮನೆಯಲ್ಲಿ ಒಲೆ ಎರಡಾಗುತ್ತದೆ ಎಂದು ದೊಡ್ಡವಳೇ ಹಿಂದೆ ಸರಿದಿದ್ದಳು.

"ನನ್ನ ಗಂಡನಿಗೆ ಸಂಬಳವಾದ್ರೂ ಇದೆ. ನಿನ್ನವನಿಗೆ ಬರೀ ಗತ್ತು," ಎಂದಿದ್ದಳು ಚಿಕ್ಕವಳಿಗೆ.

ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಕೆಲಸ ಹೋದವಳು ಅವರನ್ನು ನೋಡಿಕೊಂಡು ಮನೆಯಲ್ಲಿರಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ ತೀರ್ಮಾನ.

ಅಭ್ಯಾಸ ಮೇಜಿನಲ್ಲೇ ನಡೆಯುತ್ತಿತ್ತು. ಇಬ್ಬರೂ ಶೀಟಿನ ಮೂಲೆಗಳನ್ನು ಎದುರುಬದುರು ಹಿಡಿದು ನಿಲ್ಲುವರು. ದೊಡ್ಡವಳು ಒಂದು ಇಂಗ್ಲಿಷ್ ವಾಕ್ಯವನ್ನು ಎಲ್ಲೂ ತಡೆಯದೆ ಒಂದೇ ಉಸಿರಿಗೆ ಹೇಳುವಳು. ಚಿಕ್ಕವಳು ಅದನ್ನು ತಿರುಗಿ ಹೇಳುತ್ತ ಅಲ್ಪವಿರಾಮ ಬರುವಲ್ಲಿ ಮಡಿಕೆ ಹಾಕಬೇಕು. ವಾಕ್ಯ ಮುಗಿದಾಗ ಶೀಟನ್ನು ಮಡಿಸಿದವುಗಳ ಅಟ್ಟಿಯ ಮೇಲಿಡಬೇಕು. ತಪ್ಪಿದರೆ ಶೀಟು ಕೊಡವಿ ಮೊದಲಿನಿಂದ. ಸರಿಯಾದರೆ ದೊಡ್ಡವಳು "ತಪ್ಪಿಲ್ಲ" ಎನ್ನುವಳು. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳಲ್ಲಿರಲಿಲ್ಲ.

"ಏನಮ್ಮಾ, ಇನ್ಮೇಲೆ ಕೊಳೆಗೂ ಇಂಗ್ಲಿಷಲ್ಲೇ ಹೇಳಿದ್ರೆ ಹೋಗೋದಾ?" ಎಂದು ಒಣಗಿಸುವ ಯಂತ್ರದವನು ಕೇಳಿದ. ದೊಡ್ಡವಳು ಅವನಿಗೊಂದು ವಾಕ್ಯ ಕೊಟ್ಟು ಇದನ್ನು ಹೇಳು ನೋಡೋಣ ಎಂದಳು. ಮತ್ತೆ ಅವನು ಆ ಕಡೆ ಸುಳಿಯಲಿಲ್ಲ.

ಪರೀಕ್ಷೆಯಲ್ಲಿ ವಿರಾಮಚಿಹ್ನೆಗಳಿಲ್ಲದ ಒಂದು ಪುಟ ಕೊಟ್ಟಿದ್ದರು. ಚಿಕ್ಕವಳು ತೊಡೆಯ ಮೇಲೆ ಕರವಸ್ತ್ರ ಹರಡಿ, ಮಡಿಸುತ್ತ ಬಿಡಿಸುತ್ತ ಬರೆದಳು. ಪಾಸಾದಳು. ಸುದ್ದಿ ಹೇಳಿದಾಗ ದೊಡ್ಡವಳು ಅತ್ತೆಯ ದಿಂಬಿನ ಕವರು ಬದಲಿಸುತ್ತಿದ್ದಳು. ಸರಿ, ಕೈತೊಳೆದು ಊಟಕ್ಕೆ ಕೂತ್ಕೋ ಎಂದಳು.

ಕಚೇರಿಯಲ್ಲಿ ಚಿಕ್ಕವಳಿಗೆ ಸಿಕ್ಕ ಮೊದಲ ಕೆಲಸ, ಮೇಜಿನ ಉಳಿದ ಹೆಂಗಸರಿಗೆ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆಂದು ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. ಓರಗಿತ್ತಿಯದನ್ನು ಕೊನೆಗೆ ಇಟ್ಟುಕೊಂಡಳು. ಅದನ್ನೂ ಬರೆದಳು. ತಾನೇ ತೆಗೆದುಕೊಂಡು ಹೋದಳು.

ದೊಡ್ಡವಳು ಅರ್ಧ ಮಡಿಸಿದ ಶೀಟನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಪತ್ರವನ್ನು ಕೊನೆಯವರೆಗೆ ಓದಿದಳು.

"ಮ್ಯಾನೇಜರ್ ತಿದ್ದಿದ್ರಾ?"

"ಇಲ್ಲ ಅಕ್ಕ. ನಾನೇ ಬರೆದೆ."

"ತಪ್ಪಿಲ್ಲ."

ಸಹಿ ಹಾಕಿ ಕಚೇರಿಯ ಪ್ರತಿಯನ್ನು ಹಿಂದಕ್ಕೆ ಕೊಟ್ಟಳು. ಚಿಕ್ಕವಳು ಅಲ್ಲೇ ನಿಂತಿದ್ದಳು.

"ಅತ್ತೆಯ ಔಷಧಿ ಚೀಟಿ ಓದೋಕೆ ಮನೇಲೂ ಒಬ್ರಿಗೆ ಇಂಗ್ಲಿಷ್ ಬೇಕಲ್ಲ," ಎಂದಳು ದೊಡ್ಡವಳು. "ಸುಮ್ನೆ ನಿಲ್ಬೇಡ. ಆ ತುದಿ ಹಿಡ್ಕೋ."

ಚಿಕ್ಕವಳು ಆ ಪ್ರತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತುದಿ ಹಿಡಿದಳು. ಯಾರೂ ವಾಕ್ಯ ಹೇಳಲಿಲ್ಲ. ಮೂಲೆಗಳು ಸರಿಯಾಗಿ ಕೂಡಿದವು. ಶೀಟು ಅಟ್ಟಿ ಸೇರಿತು. ದೊಡ್ಡವಳು ಇನ್ನೊಂದನ್ನು ಎಳೆದುಕೊಂಡಳು.